ಹುಡುಕಿದಾಗ ಕೈಗೆ ಸಿಗುವ ಟಿಪ್ಪಣಿ

(ಐಟಿಐ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಜೊತೆಗೆ ಕಂಪ್ಯೂಟರ್ ಕೆಲಸ ಕಲಿಯುತ್ತಿರುವ ಒಂದಷ್ಟು ಉದ್ಯೋಗಸ್ಥರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬರೆದುಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರ ಮನೆಯಲ್ಲಿ ನೋಟ್‌ಬುಕ್ಕುಗಳ ಕಟ್ಟು ಅಟ್ಟದ ಮೇಲೆ ಇರುತ್ತದೆ. ಆ ಕಟ್ಟನ್ನು ಬಿಚ್ಚುವ ಮೊದಲ ವ್ಯಕ್ತಿ ಸಾಮಾನ್ಯವಾಗಿ ರದ್ದಿ ಕೊಳ್ಳುವವನು. ಇದಕ್ಕೆ ಸೋಮಾರಿತನ ಕಾರಣವೆಂದು ಹಿರಿಯರು ಬೈಯುತ್ತಾರೆ. ನನಗೆ ಆ ಬೈಗುಳ ಅನ್ಯಾಯವೆನ್ನಿಸುತ್ತದೆ. ಪಾಠ ಒಂದು ಕ್ರಮದಲ್ಲಿ ನಡೆಯುತ್ತದೆ, ಕೆಲಸ ಇನ್ನೊಂದು ಕ್ರಮದಲ್ಲಿ ಎದುರಾಗುತ್ತದೆ. ಮೂರನೆಯ ಸೆಮಿಸ್ಟರಿನ ಎರಡನೆಯ ಘಟಕದಲ್ಲಿ ಬರೆದುಕೊಂಡದ್ದು, ಕೆಟ್ಟ ಯಂತ್ರದ ಮುಂದೆ ನಿಂತವನಿಗೆ ಸಿಗುವುದಾದರೂ ಹೇಗೆ? ಅವನ ತಲೆಯಲ್ಲಿರುವುದು ಘಟಕದ ಸಂಖ್ಯೆಯಲ್ಲ, ‘ಇದು ಯಾಕೆ ಹೀಗೆ ಗುಂಯ್‌ಗುಡುತ್ತಿದೆ’ ಎಂಬ ಪ್ರಶ್ನೆ.

ಆದ್ದರಿಂದ ನಾನು ಇಲ್ಲಿ ಹೇಳಲು ಬಂದಿರುವುದು ಇಷ್ಟು: ಕಸುಬು ಕಲಿಯುವವರು ಟಿಪ್ಪಣಿಯನ್ನು ಎಲ್ಲಿಂದ ಕಲಿತೆವು ಎಂಬುದರ ಪ್ರಕಾರ ಜೋಡಿಸಬಾರದು, ಮುಂದೆ ಯಾವ ಪ್ರಶ್ನೆ ಹಿಡಿದು ಹುಡುಕಿಕೊಂಡು ಬರುತ್ತೇವೋ ಅದರ ಪ್ರಕಾರ ಜೋಡಿಸಬೇಕು. ಹೇಳುವುದು ಸುಲಭ. ಮಾಡುವುದು ಹೇಗೆಂದು ತೋರಿಸಲು ನಿಮ್ಮನ್ನು ಒಂದು ಅಂಗಡಿಗೆ ಕರೆದುಕೊಂಡು ಹೋಗುತ್ತೇನೆ.

ಕೊಳವೆಬಾವಿಗಳಿರುವ ನಮ್ಮ ಯಾವುದೇ ತಾಲ್ಲೂಕು ಕೇಂದ್ರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿಗಳಿವೆ, ಸುಟ್ಟ ಮೋಟಾರಿನ ತಂತಿ ತೆಗೆದು ಹೊಸದಾಗಿ ಸುತ್ತಿಕೊಡುವಂಥವು. ಸುಟ್ಟ ವಾರ್ನಿಷ್ ವಾಸನೆಯೇ ಅವುಗಳ ನಾಮಫಲಕ. ಹಳೆಯ, ಅನುಭವಸ್ಥ ಮೇಸ್ತ್ರಿಯ ಅಂಗಡಿಯಾದರೆ ಅಲ್ಲೊಂದು ಉದ್ದನೆಯ ಪುಸ್ತಕವಿರುತ್ತದೆ, ಅಂಚಿಗೆಲ್ಲ ಎಣ್ಣೆ ಮೆತ್ತಿದ್ದು. ರೈತನೊಬ್ಬ 5 ಎಚ್‌ಪಿಯ ಸುಟ್ಟ ಮೋಟಾರ್ ತಂದನೆನ್ನಿ. ಮೇಸ್ತ್ರಿ ಉಳಿ ಎತ್ತಿಕೊಳ್ಳುವ ಮೊದಲು ಪೆನ್ನು ಎತ್ತಿಕೊಳ್ಳುತ್ತಾನೆ. ನೇಮ್‌ಪ್ಲೇಟಿನ ವಿವರ, ಸ್ಟೇಟರಿನಲ್ಲಿ (ಮೋಟಾರಿನ ತಿರುಗದ ಕಬ್ಬಿಣದ ಭಾಗ) ಎಷ್ಟು ಸ್ಲಾಟ್ (ತಂತಿ ಕೂರುವ ಸೀಳು), ಕಾಯಿಲ್, ಅಂದರೆ ತಂತಿಯ ಸುರುಳಿ, ಎಷ್ಟನೆಯ ಸ್ಲಾಟಿನಿಂದ ಎಷ್ಟನೆಯದಕ್ಕೆ ಹಾರಿದೆ, ಒಳಗಿನ ಜೋಡಣೆ ಸ್ಟಾರ್ ಇದೆಯೋ ಡೆಲ್ಟಾ ಇದೆಯೋ (ಮೂರು ಫೇಸಿನ ಕಾಯಿಲ್‌ಗಳನ್ನು ಕೂಡಿಸುವ ಎರಡು ಬಗೆ), ಒಂಟಿ ತಂತಿಯೋ ಜೋಡಿ ತಂತಿಯೋ. ಕಾಯಿಲ್ ಕಬ್ಬಿಣದಿಂದ ಎಷ್ಟು ಆಚೆ ಚಾಚಿಕೊಂಡಿದೆ ಎಂಬುದನ್ನೂ ಅಳೆದು ಬರೆಯುತ್ತಾನೆ. ಹೊಸ ಕಾಯಿಲ್ ಅದಕ್ಕಿಂತ ಉದ್ದವಾದರೆ ಪಕ್ಕದ ಮುಚ್ಚಳಕ್ಕೆ ತಾಗಿ ಅರ್ತ್ ಆಗುತ್ತದೆ, ಅಂದರೆ ಮೋಟಾರಿನ ಮೈಗೆ ವಿದ್ಯುತ್ ಹರಿಯುತ್ತದೆ. ಆಮೇಲೆ ಒಂದು ಕಾಯಿಲನ್ನು ಕತ್ತರಿಸಿ ಸುತ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ತಂತಿಯ ಮೇಲಿನ ಎನಾಮೆಲ್ ಕೆರೆದು ಮೈಕ್ರೋಮೀಟರಿಗೆ ಹಿಡಿಯುತ್ತಾನೆ, ಏಕೆಂದರೆ ಎನಾಮೆಲ್ ಸಮೇತ ಅಳೆದರೆ ಗೇಜ್, ಅಂದರೆ ತಂತಿಯ ದಪ್ಪದ ಅಳತೆ, ತಪ್ಪಾಗುತ್ತದೆ. ಇಷ್ಟೆಲ್ಲ ಬರೆದಾದ ಮೇಲೆಯೇ ಹಳೆಯ ವೈಂಡಿಂಗ್ ಹೊರಗೆ ಬರುವುದು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 36 ಸ್ಲಾಟ್, 4 ಪೋಲ್ (ಕಾಂತಧ್ರುವ) ಅಂದರೆ ಒಂದು ಪೋಲ್‌ಗೆ 9 ಸ್ಲಾಟ್, ಅದರಲ್ಲಿ ಒಂದೊಂದು ಫೇಸ್‌ಗೆ 3. ಈ ಲೆಕ್ಕ ನಿಮ್ಮ ಪಠ್ಯದಲ್ಲಿದೆ, ಬೆರಳಲ್ಲೇ ಎಣಿಸಬಹುದು. ಮೇಸ್ತ್ರಿಯ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಸುತ್ತುಗಳ ಸಂಖ್ಯೆ ಮತ್ತು ಗೇಜ್ ಹಾಗಲ್ಲ. ಅದು ಆ ಮೋಟಾರನ್ನು ರೂಪಿಸಿದವನು ಮಾಡಿದ ಆಯ್ಕೆ. ಎಣಿಸದೆ ಕಿತ್ತು, ತಾಮ್ರವನ್ನು ಗುಜರಿಗೆ ಹಾಕಿದರೆ ಅದನ್ನು ಮರಳಿ ಪಡೆಯುವ ಸುಲಭದ ದಾರಿಯಿಲ್ಲ. ಮತ್ತೆ ಲೆಕ್ಕ ಹಾಕಿ ಪಡೆಯಬಹುದಾದದ್ದನ್ನು ಬಿಟ್ಟು, ಕಳೆದರೆ ಕಳೆದೇ ಹೋಗುವುದನ್ನು ಬರೆದಿಡುವ ಈ ವಿವೇಕ ನಮ್ಮ ತರಗತಿಯ ನೋಟ್‌ಬುಕ್ಕುಗಳಲ್ಲಿ ತಲೆಕೆಳಗಾಗಿರುತ್ತದೆ. ಪಠ್ಯದಲ್ಲಿ ಅಚ್ಚಾಗಿರುವ ವ್ಯಾಖ್ಯೆಯನ್ನು ದುಂಡಗೆ ನಕಲು ಮಾಡಿರುತ್ತೇವೆ. ಪ್ರಯೋಗಾಲಯದಲ್ಲಿ ಮೀಟರ್ ಯಾಕೆ ಉಲ್ಟಾ ಓಡಿತು ಎಂಬುದನ್ನು ಬರೆದಿರುವುದಿಲ್ಲ.

ಪುಸ್ತಕದ ಜೋಡಣೆಯನ್ನೂ ನೋಡಿ. ತಾರೀಖಿನ ಪ್ರಕಾರ ಬರೆದುಕೊಂಡು ಹೋದರೂ, ಹಿಂದಿನ ಪುಟಗಳಲ್ಲಿ ಎಚ್‌ಪಿ, ಸ್ಲಾಟ್, ತಯಾರಕರ ಹೆಸರು ಹಿಡಿದು ಪುಟಸಂಖ್ಯೆಗಳಿರುತ್ತವೆ. ಬಾಗಿಲಿಗೆ ಬರುವ ಗಿರಾಕಿ ‘ಐದು ಎಚ್‌ಪಿ’ ಎನ್ನುತ್ತಾನೆಯೇ ಹೊರತು ‘ನೀವು ಕಳೆದ ಯುಗಾದಿಯ ಸುಮಾರಿಗೆ ಸುತ್ತಿದ್ದು’ ಎನ್ನುವುದಿಲ್ಲ. ಜಾಣ ಮೇಸ್ತ್ರಿ ಇನ್ನೂ ಒಂದು ಸಾಲು ಸೇರಿಸುತ್ತಾನೆ: ಯಾಕೆ ಸುಟ್ಟಿತು. ಸ್ಟಾರ್ ಜೋಡಣೆಯ ಮೋಟಾರಿನಲ್ಲಿ ಎರಡು ಫೇಸಿನ ಕಾಯಿಲ್‌ಗಳು ಕಪ್ಪಾಗಿ ಮೂರನೆಯದು ಹೊಸದರಂತೆ ಉಳಿದಿದ್ದರೆ, ಒಂದು ಫೇಸ್ ಕೈಕೊಟ್ಟಾಗಲೂ ಮೋಟಾರ್ ಓಡಿದೆ ಎಂದರ್ಥ. ಡೆಲ್ಟಾ ಆದರೆ ಸುಡುವುದು ಒಂದೇ ಫೇಸ್. ಎಲ್ಲವೂ ಒಂದೇ ಸಮ ಕಂದಿದ್ದರೆ ಹೊರೆ ಹೆಚ್ಚಾಗಿರಬಹುದು, ಇಲ್ಲವೇ ಬೇರಿಂಗ್ ಹಿಡಿದಿರಬಹುದು. ಈ ಸಾಲು ಇಲ್ಲದಿದ್ದರೆ ಅದೇ ಮೋಟಾರ್ ಮುಂದಿನ ಬೇಸಿಗೆಗೆ ಅದೇ ಬಾಗಿಲಿಗೆ ಬರುತ್ತದೆ. ಅಂಗಡಿಗೆ ಅದರಿಂದ ಲಾಭವೇ ಎಂದು ಯಾರೋ ಹಿಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ಒಂದು ಸಲ ಲಾಭ ನಿಜ, ಎರಡನೆಯ ಸಲ ಆ ರೈತ ಬೇರೆ ಅಂಗಡಿ ನೋಡುತ್ತಾನೆ.

ಈಗ ಕಂಪ್ಯೂಟರಿಗೆ ಬರೋಣ. ನನ್ನ ಅನ್ನ ಹುಟ್ಟುವುದು ಅಲ್ಲಿಯೇ, ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ. ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಕಲಿಯುವವರ ನೋಟ್‌ಬುಕ್ ಹೇಗಿರುತ್ತದೆಂದರೆ, ಒಂದು ಪುಟದಲ್ಲಿ ‘ಡಿಎಫ್: ಡಿಸ್ಕಿನಲ್ಲಿ ಉಳಿದಿರುವ ಜಾಗ ತೋರಿಸುತ್ತದೆ’, ಅದರ ಕೆಳಗೆ ‘ಡಿಯು: ಫೈಲುಗಳು ಹಿಡಿದಿರುವ ಜಾಗ ತೋರಿಸುತ್ತದೆ’. ಹೀಗೆ ಆದೇಶಗಳ ಉದ್ದ ಪಟ್ಟಿ. ಯಂತ್ರದಲ್ಲೇ ಇರುವ ಕೈಪಿಡಿಯ ಬಡ ನಕಲು ಇದು.

ಒಂದು ಬೆಳಿಗ್ಗೆ ಸರ್ವರ್ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎನ್ನುತ್ತದೆ. ಡಿಎಫ್ ಹಾಕಿ ನೋಡಿದರೆ ಅರ್ಧ ಡಿಸ್ಕ್ ಖಾಲಿ. ಜಾಗ ಇದೆ, ಆದರೂ ಇಲ್ಲವೆನ್ನುತ್ತಿದೆ. ಹೊಸಬರು ಇಲ್ಲಿ ಕಂಗಾಲಾಗುತ್ತಾರೆ. ನಡೆದಿರುವುದು ಇಷ್ಟು: ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಬೇಕು. ಎಕ್ಸ್‌ಟಿ4 ಬಗೆಯ ಡಿಸ್ಕಿನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿರುತ್ತದೆ. ಯಾವುದೋ ಪ್ರೋಗ್ರಾಮ್ ಚಿಕ್ಕ ಚಿಕ್ಕ ಫೈಲುಗಳನ್ನು ಲಕ್ಷಗಟ್ಟಲೆ ಸೃಷ್ಟಿಸಿ ಬಿಟ್ಟಿದೆ. ಜಾಗ ಉಳಿದಿದೆ, ದಾಖಲೆ ಮುಗಿದಿದೆ. ಡಿಎಫ್‌ಗೆ ‘ಐ’ ಆಯ್ಕೆ ಸೇರಿಸಿದರೆ ಇದು ಕಾಣುತ್ತದೆ.

ಇದಕ್ಕೆ ತದ್ವಿರುದ್ಧದ ಇನ್ನೊಂದು ಪ್ರಸಂಗವೂ ಇದೆ. ಡಿಸ್ಕ್ ಪೂರ್ತಿ ತುಂಬಿದೆ ಎಂದು ಡಿಎಫ್ ಹೇಳುತ್ತದೆ, ಡಿಯು ಹಾಕಿ ಕೂಡಿಸಿದರೆ ಅದರ ಕಾಲುಭಾಗವೂ ಬರುವುದಿಲ್ಲ. ಯಾರೋ ದೊಡ್ಡ ಲಾಗ್ ಫೈಲನ್ನು (ಪ್ರೋಗ್ರಾಮ್ ತನ್ನ ಕೆಲಸದ ವಿವರ ಬರೆಯುತ್ತ ಹೋಗುವ ಫೈಲು) ಅಳಿಸಿದ್ದಾರೆ, ಆದರೆ ಅದನ್ನು ತೆರೆದಿಟ್ಟುಕೊಂಡಿದ್ದ ಪ್ರೋಗ್ರಾಮ್ ಇನ್ನೂ ಓಡುತ್ತಿದೆ. ಹೆಸರು ಹೋಗಿದೆ, ಜಾಗ ಬಿಡುಗಡೆಯಾಗಿಲ್ಲ. ಅಳಿಸಿದರೂ ತೆರೆದೇ ಇರುವ ಫೈಲುಗಳನ್ನು ಎಲ್‌ಎಸ್‌ಓಎಫ್ ಎಂಬ ಆದೇಶ ತೋರಿಸುತ್ತದೆ. ಆ ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಜಾಗ ಮರಳುತ್ತದೆ.

ಈ ಎರಡು ಅನುಭವಗಳನ್ನು ನೀವು ಡಿಎಫ್ ಎಂಬ ಶೀರ್ಷಿಕೆಯ ಕೆಳಗೆ ಬರೆದಿಟ್ಟರೆ ಮುಂದಿನ ಸಲ ಸಿಗುವುದಿಲ್ಲ, ಏಕೆಂದರೆ ಮುಂದಿನ ಸಲ ನಿಮ್ಮ ಗಾಬರಿ ಡಿಎಫ್‌ನ ಬಗ್ಗೆ ಇರುವುದಿಲ್ಲ. ‘ಜಾಗ ಇದ್ದರೂ ಇಲ್ಲವೆನ್ನುತ್ತಿದೆ’, ‘ತುಂಬಿದೆ ಎನ್ನುತ್ತಿದೆ, ಫೈಲುಗಳು ಕಾಣುತ್ತಿಲ್ಲ’: ಇವೇ ಶೀರ್ಷಿಕೆಗಳಾಗಬೇಕು. ಕೆಳಗೆ ಯಂತ್ರ ಹೇಳಿದ ಮಾತನ್ನು ಅಕ್ಷರಶಃ ಇಳಿಸಿಕೊಳ್ಳಿ. ಆಮೇಲೆ ಏನೇನು ನೋಡಿದಿರಿ, ಯಾವುದು ಕಾರಣವಲ್ಲವೆಂದು ಗೊತ್ತಾಯಿತು, ಕೊನೆಗೆ ಯಾವುದರಿಂದ ಸರಿಹೋಯಿತು. ‘ಕಾರಣವಲ್ಲವೆಂದು ಗೊತ್ತಾದದ್ದು’ ಎಂಬ ಸಾಲನ್ನು ಎಲ್ಲರೂ ಬಿಡುತ್ತಾರೆ. ಮಧ್ಯರಾತ್ರಿ ಫೋನ್ ಬಂದಾಗ ನಿಜವಾಗಿ ಹೊತ್ತು ಉಳಿಸುವುದು ಅದೇ. ಇನ್ನೂ ಅರ್ಥವಾಗದೆ ಉಳಿದದ್ದಿದ್ದರೆ ಅದನ್ನೂ ಪ್ರಶ್ನೆಯಾಗಿಯೇ ಬರೆದಿಡಿ. ತಿಳಿದವರು ಸಿಕ್ಕಾಗ ಕೇಳಲು ಒಂದು ಪಟ್ಟಿ ತಾನಾಗಿ ತಯಾರಾಗುತ್ತದೆ.

ಹೀಗೆ ಬರೆಯುವ ಶಿಸ್ತು ಹೊಸದೇನಲ್ಲ. ನಾವು ಸುತ್ತುವ ಮೋಟಾರ್ ನಿಂತಿರುವುದೇ 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ಮೇಲೆ. ಅವರು ಕಮ್ಮಾರನ ಮಗ, ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಏಳು ವರ್ಷ ಕೆಲಸ ಕಲಿತರು. 1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿದರು. ಕೇಳುವಾಗ ಗುರುತು ಹಾಕಿಕೊಂಡದ್ದನ್ನು ಮನೆಗೆ ಬಂದು ವಿಸ್ತರಿಸಿ, ಉಪಕರಣಗಳ ಚಿತ್ರ ಬರೆದು, ತಾವೇ ರಟ್ಟು ಕಟ್ಟಿ ಡೇವಿಗೆ ಕಳುಹಿಸಿದರು. 1813ರಲ್ಲಿ ಅಲ್ಲಿಯೇ ಸಹಾಯಕನ ಕೆಲಸ ಸಿಕ್ಕಿತು. ಟಿಪ್ಪಣಿಯೇ ಅರ್ಜಿಯಾದ ಕಥೆ ಇದು, ಎಲ್ಲರೂ ಹೇಳುತ್ತಾರೆ.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಮೇಲಿನ ಅವರ ಪ್ರಯೋಗ ದಿನಚರಿ. 1832ರಿಂದ ಅವರು ಪ್ರತಿ ಪರಿಚ್ಛೇದಕ್ಕೂ ಒಂದು ಸಂಖ್ಯೆ ಕೊಡುತ್ತ ಹೋದರು. ದಿನ ಬದಲಾದರೂ ವರ್ಷ ಬದಲಾದರೂ ಎಣಿಕೆ ಒಂದರಿಂದ ಶುರುವಾಗಲಿಲ್ಲ. ದಶಕಗಳ ಕಾಲ ನಡೆದು 16 ಸಾವಿರ ದಾಟಿತು. ವಿಷಯವಾರು ವಿಂಗಡಿಸುವ ಗೋಜಿಗೆ ಹೋಗದೆ, ಬೇಕಾದಾಗ ಹಿಂದಿನ ಸಂಖ್ಯೆಯನ್ನು ನಮೂದಿಸಿದರೆ ಸಾಕಾಗುತ್ತಿತ್ತು. ನಡುವಯಸ್ಸಿನಿಂದ ಅವರಿಗೆ ಮರೆವು ಕಾಡುತ್ತಿತ್ತು, ಆ ಕೊರಗು ಅವರ ಪತ್ರಗಳಲ್ಲಿದೆ. ಸೋತ ಪ್ರಯೋಗಗಳೂ ಆ ದಿನಚರಿಯಲ್ಲಿವೆ. 1849ರಲ್ಲಿ ಗುರುತ್ವಾಕರ್ಷಣೆಗೂ ವಿದ್ಯುತ್ತಿಗೂ ನಂಟಿದೆಯೇ ಎಂದು ಪರೀಕ್ಷಿಸಿದರು. ಏನೂ ಸಿಗಲಿಲ್ಲ. ಅದನ್ನೂ ಬರೆದರು, ಏನೂ ಸಿಗಲಿಲ್ಲವೆಂದೇ ರಾಯಲ್ ಸೊಸೈಟಿಗೆ ವರದಿ ಮಾಡಿದರು.

ಇದರ ಪಕ್ಕದಲ್ಲಿ ರಾಮಾನುಜನ್ ಅವರ ನೋಟ್‌ಬುಕ್ಕುಗಳನ್ನು ಇಟ್ಟು ನೋಡಿ. ಕಾಗದ ದುಬಾರಿ. ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಫಲವನ್ನಷ್ಟೇ ಪುಸ್ತಕಕ್ಕೆ ಇಳಿಸಿ, ಸ್ಲೇಟನ್ನು ಒರೆಸುತ್ತಿದ್ದರು. ಆ ಫಲಗಳಿಗೆ ದಾರಿ ಹುಡುಕಿ ಅಮೆರಿಕದ ಗಣಿತಜ್ಞ ಬ್ರೂಸ್ ಬರ್ನ್ಟ್ ಪ್ರಕಟಿಸಿದ ಐದು ಸಂಪುಟಗಳು ಹೊರಬಂದದ್ದು 1985ರಿಂದ 1998ರವರೆಗೆ. ರಾಮಾನುಜನ್ ಅವರಿಗೆ ಆ ದಾರಿ ತಲೆಯಲ್ಲೇ ಇತ್ತು, ನಡೆಯಿತು. ನಾವು ಬೇರೆ ಜಾತಿಯ ಪ್ರಾಣಿಗಳು, ನಮಗೆ ಸ್ಲೇಟಿನ ಮೇಲಿನದೂ ಬೇಕು.

ಕಾಗದದ ಪುಸ್ತಕ ಇಟ್ಟುಕೊಂಡಿರುವವರಿಗೆ ಒಂದು ಹಳೆಯ ಉಪಾಯ ಹೇಳುತ್ತೇನೆ. ತತ್ತ್ವಜ್ಞಾನಿ ಜಾನ್ ಲಾಕ್ 1686ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ್ದು. ಪುಸ್ತಕದ ಮೊದಲ ಎರಡು ಪುಟಗಳಲ್ಲಿ ಚಿಕ್ಕ ಚಿಕ್ಕ ಮನೆಗಳ ಕೋಷ್ಟಕ. ಶೀರ್ಷಿಕೆಯ ಮೊದಲ ಅಕ್ಷರ ಮತ್ತು ಅದರ ನಂತರ ಬರುವ ಮೊದಲ ಸ್ವರ, ಇವೆರಡು ಸೇರುವ ಮನೆಯಲ್ಲಿ ಪುಟಸಂಖ್ಯೆ ಬರೆಯುವುದು. ಹೊಸ ವಿಷಯಕ್ಕೆ ಮುಂದಿನ ಖಾಲಿ ಪುಟ. ಮೊದಲೇ ಯಾವುದಕ್ಕೂ ಜಾಗ ಕಾದಿರಿಸಬೇಕಿಲ್ಲ. ಲಾಕ್ ಇಷ್ಟು ಸರ್ಕಸ್ ಮಾಡಬೇಕಾದದ್ದು ರೋಮನ್ ಲಿಪಿಯ ಕಾರಣಕ್ಕೆ. ನಮ್ಮ ಕಾಗುಣಿತದಲ್ಲಿ ವ್ಯಂಜನ, ಸ್ವರ ಎರಡೂ ಒಂದೇ ಅಕ್ಷರದಲ್ಲಿವೆ. ಎಡಗಡೆ ಕ, ಗ, ಚ, ಮೇಲೆ ತಲಕಟ್ಟು, ಗುಡಿಸು, ಕೊಂಬು ಬರೆದುಕೊಂಡರೆ ಸೂಚಿ ಸಿದ್ಧ. ಪ್ರಾಥಮಿಕ ಶಾಲೆಯ ಗೋಡೆಯಲ್ಲಿ ತೂಗುಹಾಕಿರುವ ಪಟವೇ ಅದು.

ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಟಿಪ್ಪಣಿ ಮಾಡುವವರಿಗೆ ಬೇರೆ ತಾಪತ್ರಯಗಳಿವೆ. ಅವನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಮೊದಲನೆಯದು ಅಕ್ಷರದ ಒಳರೂಪ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಬರಹ, ಯಂತ್ರದ ಮಟ್ಟಿಗೆ ಕನ್ನಡವೇ ಅಲ್ಲ. ರೋಮನ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿದ್ದು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ನಮ್ಮ ಹಲವು ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಅದೇ ರೂಢಿ. ಅಂಥ ಹಳೆಯ ಟಿಪ್ಪಣಿಗಳಿದ್ದರೆ ಪರಿವರ್ತಕ ತಂತ್ರಾಂಶಗಳಿವೆ, ಬದಲಾಯಿಸಿಕೊಂಡು ಒಮ್ಮೆ ಕಣ್ಣಾಡಿಸಿ. ಹೊಸದನ್ನು ಯೂನಿಕೋಡಿನಲ್ಲಿ, ಸಾಧ್ಯವಾದರೆ ಸರಳ ಪಠ್ಯದ ಫೈಲಿನಲ್ಲೇ ಬರೆಯಿರಿ. ಸರಳ ಪಠ್ಯವನ್ನು ಯಾವ ಯಂತ್ರವೂ ಓದುತ್ತದೆ, ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿತೆಂಬ ಚಿಂತೆಯಿಲ್ಲ.

ಎರಡನೆಯದು ಕಾಗುಣಿತದ ಸ್ವೇಚ್ಛೆ. ವಯರ್, ವೈರ್, ತಂತಿ. ಕಾಯಿಲ್, ಕಾಯ್ಲ್, ಸುರುಳಿ. ಒಂದೇ ವಸ್ತು, ನಿಮ್ಮದೇ ಕೈಬರಹ, ಆದರೂ ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಮೂರನೆಯದು ಇನ್ನೂ ಕಿರಿಕಿರಿಯದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಕೂರುತ್ತದೆ. ಪದದ ಕೊನೆಯಲ್ಲೂ ಕೆಲವೊಮ್ಮೆ ಸೇರಿಕೊಳ್ಳುತ್ತದೆ, ಅಲ್ಲಿ ನೋಡಲು ಯಾವ ವ್ಯತ್ಯಾಸವೂ ಇರುವುದಿಲ್ಲ. ಒಂದು ಕಡೆ ಆ ಸಂಕೇತವಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ಕಣ್ಣೆದುರೇ ಇರುವ ಪದವನ್ನು ಯಂತ್ರ ‘ಇಲ್ಲ’ ಎನ್ನಬಹುದು. ಹೀಗಾಗಿ ಒಂದು ಪುಟದಲ್ಲಿ ನಿಮ್ಮ ಪದಪಟ್ಟಿ ಇಟ್ಟುಕೊಳ್ಳಿ, ಯಾವ ರೂಪ ಬಳಸುತ್ತೀರೆಂದು ಒಮ್ಮೆ ತೀರ್ಮಾನಿಸಿ. ಪ್ರತಿ ಟಿಪ್ಪಣಿಯ ಕೊನೆಗೆ ಬೇರೆ ಹೆಸರುಗಳನ್ನು ಒಂದು ಸಾಲಿನಲ್ಲಿ ಸೇರಿಸಿ. ಯಂತ್ರದ ದೋಷ ಸಂದೇಶ ಮತ್ತು ಆದೇಶಗಳನ್ನು ಮಾತ್ರ ಯಂತ್ರ ತೋರಿಸಿದ ಲಿಪಿಯಲ್ಲೇ, ಒಂದು ಚುಕ್ಕಿ ಬದಲಿಸದೆ ಉಳಿಸಿ. ಕಾರಣ, ತರ್ಕ, ಅನುಮಾನ ಇವೆಲ್ಲ ಕನ್ನಡದಲ್ಲಿರಲಿ. ಅರ್ಥವಾಗಿದೆಯೋ ಇಲ್ಲವೋ ಎಂಬುದು ಅಲ್ಲಿ ತಕ್ಷಣ ಬಯಲಾಗುತ್ತದೆ, ಪಠ್ಯದ ಇಂಗ್ಲಿಷ್ ವಾಕ್ಯದ ಹಿಂದೆ ಅಡಗಿಕೊಳ್ಳಲು ಆಗುವುದಿಲ್ಲ.

ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಲಾರೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90 ಸಾವಿರ ಚೀಟಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟಿದ್ದರು. ಅವರ ಹೆಸರು ಹೇಳಿಕೊಂಡು ಈಗ ಹತ್ತಾರು ಆ್ಯಪ್‌ಗಳು ಬಂದಿವೆ. ಲೂಮನ್ ಆ ಚೀಟಿಗಳಿಂದ ಪುಸ್ತಕ ಬರೆಯುತ್ತಿದ್ದರು. ನಿಮ್ಮ ಕೆಲಸ ಕೆಟ್ಟದ್ದನ್ನು ಸರಿಮಾಡುವುದು. ವಾರಗಟ್ಟಲೆ ಬಣ್ಣದ ಲೇಬಲ್‌ಗಳನ್ನೂ ಫೋಲ್ಡರುಗಳನ್ನೂ ಅಲಂಕರಿಸಿ ಒಂದು ಪ್ರೋಗ್ರಾಮನ್ನೂ ಬರೆಯದವರನ್ನು ಕಂಡಿದ್ದೇನೆ. ಮದುವೆಗೆ ಚಪ್ಪರ ಹಾಕಿ ವಧೂವರರನ್ನು ಕರೆಯಲು ಮರೆತಂತೆ.

ಜೋಡಿಸಿಟ್ಟ ಮಾತ್ರಕ್ಕೆ ಕಲಿತಂತೆಯೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಪಠ್ಯವನ್ನು ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಮ್ಮೆ ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದವರು ಒಂದು ವಾರದ ನಂತರ ಮುಂದಿದ್ದರು. ಇದನ್ನು ಹೀಗೆ ಬಳಸಿಕೊಳ್ಳಿ: ಸಮಸ್ಯೆ ಮತ್ತೆ ಬಂದಾಗ ಪುಸ್ತಕ ತೆರೆಯುವ ಮೊದಲು ನೆನಪಿನಿಂದ ಎರಡು ಹೆಜ್ಜೆ ಪ್ರಯತ್ನಿಸಿ. ಶೀರ್ಷಿಕೆ ಲಕ್ಷಣದ ರೂಪದಲ್ಲಿದ್ದರೆ ಅದೇ ಪ್ರಶ್ನೆಪತ್ರಿಕೆ, ಕೆಳಗಿನದು ಉತ್ತರ. ಅಂಗೈಯಿಂದ ಮುಚ್ಚಿಕೊಂಡರೆ ಆಯಿತು. ಆದರೆ 415 ವೋಲ್ಟ್ ಮುಂದೆ ಈ ಪ್ರಯೋಗ ಬೇಡ, ಅಲ್ಲಿ ಪುಸ್ತಕ ನೋಡಿಯೇ ಕೈ ಹಾಕಿ.

ಇನ್ನು ಪ್ರಶ್ನೆಗಳು.

‘ಸರ್, ಬೋರ್ಡಿನ ಫೋಟೊ ತೆಗೆದುಕೊಂಡರೆ ಸಾಲದೇ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಫೋಟೊ ತೆಗೆಯಿರಿ. ವೈಂಡಿಂಗ್ ಬಿಚ್ಚುವ ಮೊದಲು, ಕೇಬಲ್ ಕೀಳುವ ಮೊದಲು ತೆಗೆದ ಫೋಟೊಕ್ಕೆ ಸಮನಾದದ್ದಿಲ್ಲ. ಆದರೆ ಗ್ಯಾಲರಿಯಲ್ಲಿ ಅದು ಅಕ್ಕನ ಮಗುವಿನ ನಾಮಕರಣದ ಚಿತ್ರಗಳ ನಡುವೆ ಮುಳುಗಿರುತ್ತದೆ. ಅಂದೇ ಸಂಜೆ ಅದಕ್ಕೊಂದು ಹೆಸರು ಕೊಟ್ಟು, ಯಾವ ತಂತಿ ಎಲ್ಲಿಗೆ ಎಂದು ಎರಡು ಸಾಲು ಬರೆದು ಬೇರೆ ಜಾಗಕ್ಕೆ ಹಾಕದಿದ್ದರೆ ಮುಂದೆ ಅದು ಯಾವ ಯಂತ್ರದ್ದೆಂದು ನಿಮಗೇ ತಿಳಿಯುವುದಿಲ್ಲ.

‘ಏನು ಕೇಳಿದರೂ ಈಗ ಎಐ ಹೇಳುತ್ತದೆ, ಟಿಪ್ಪಣಿ ಯಾಕೆ?’ ಇದು ಬರುತ್ತದೆಂದು ಗೊತ್ತಿತ್ತು. ಐನೋಡ್ ಅಂದರೇನು ಎಂಬುದನ್ನು ಅದು ನನಗಿಂತ ಚೆನ್ನಾಗಿ ವಿವರಿಸಬಹುದು. ಹಾಗಾಗಿ ಆ ವಿವರಣೆಯನ್ನು ಬರೆದಿಡುವ ಅಗತ್ಯ ಕಡಿಮೆಯಾಗಿದೆ, ಒಪ್ಪುತ್ತೇನೆ. ನಿಮ್ಮ ಸರ್ವರಿನಲ್ಲಿ ಆ ಲಕ್ಷ ಫೈಲುಗಳನ್ನು ಸೃಷ್ಟಿಸಿದ ಪ್ರೋಗ್ರಾಮ್ ಯಾವುದು, ಅದನ್ನು ಯಾರು ಯಾಕೆ ಹಾಕಿದ್ದರು, ಮೇಜಿನ ಮೇಲಿರುವ ಈ ಮೋಟಾರಿನ ಕಾಯಿಲ್‌ಗೆ ಎಷ್ಟು ಸುತ್ತು, ಇವು ಅದಕ್ಕೆ ಗೊತ್ತಿಲ್ಲ. ಅದನ್ನು ಕೇಳುವಾಗಲೂ ಲಕ್ಷಣವನ್ನು ಕರಾರುವಾಕ್ಕಾಗಿ ಬರೆದಿಟ್ಟುಕೊಂಡವರಿಗೇ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಕೊನೆಯ ಪ್ರಶ್ನೆ ಉದ್ಯೋಗದಲ್ಲಿರುವವರೊಬ್ಬರದು: ‘ಕೆಲಸ ಬಿಟ್ಟು ಹೋಗುವಾಗ ಟಿಪ್ಪಣಿ ಯಾರ ಸ್ವತ್ತು?’ ಒಳ್ಳೆಯ ಪ್ರಶ್ನೆ, ಸೇರಿದ ದಿನವೇ ಕೇಳಿಕೊಳ್ಳಬೇಕಾದದ್ದು. ಸೇರುವಾಗ ಸಹಿ ಹಾಕಿದ ಕರಾರನ್ನು ಓದಿ. ನನ್ನ ಸಲಹೆ, ಮೊದಲ ದಿನದಿಂದಲೇ ಎರಡು ಪುಸ್ತಕ. ಸರ್ವರುಗಳ ಹೆಸರು, ಗಿರಾಕಿಗಳ ವಿವರ, ಆ ಕಂಪನಿಯ ಒಳಗಿನ ವ್ಯವಸ್ಥೆ ಇವೆಲ್ಲ ಕಚೇರಿಯ ಪುಸ್ತಕಕ್ಕೆ, ಅದು ಕಚೇರಿಯಲ್ಲೇ ಉಳಿಯಬೇಕು. ಯಾವ ಯಂತ್ರಕ್ಕಾದರೂ ಹೊಂದುವ ಲಕ್ಷಣ, ಕಾರಣ, ಪರಿಹಾರ ನಿಮ್ಮ ಪುಸ್ತಕಕ್ಕೆ. ಪಾಸ್‌ವರ್ಡ್ ಎರಡರಲ್ಲೂ ಬೇಡ, ಅದಕ್ಕೆಂದೇ ಪಾಸ್‌ವರ್ಡ್ ಮ್ಯಾನೇಜರುಗಳಿವೆ. ಬಿಟ್ಟು ಹೋಗುವಾಗ ಕಚೇರಿಯ ಪುಸ್ತಕವನ್ನು ಮುಂದೆ ಬರುವವರ ಕೈಗೆ ಕೊಟ್ಟು, ಅವರು ಅದನ್ನು ನೋಡಿಕೊಂಡೇ ಒಂದು ಕೆಲಸ ಮಾಡಿ ಮುಗಿಸುವವರೆಗೆ ಪಕ್ಕದಲ್ಲಿ ಕುಳಿತಿರಿ. ಎಲ್ಲಿ ಅವರು ತಲೆ ಎತ್ತಿ ನಿಮ್ಮ ಮುಖ ನೋಡುತ್ತಾರೋ, ಆ ಪುಟದಲ್ಲಿ ಇನ್ನೊಂದು ಸಾಲು ಬರೆಯುವುದು ಬಾಕಿಯಿದೆ.